ಮೊದಲ ಬಿಸಿ ಅತಿಥಿಗೆ

ತೋಯ್ವೊಲಾ, ಮಿಷಿಗನ್
ಏಪ್ರಿಲ್ ೧೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಮೊಣಕಾಲು ಹೇಗಿದೆ? ಹಡಗಿನ ಎಂಜಿನ್ ಕೋಣೆಯ ಏಣಿ ಹತ್ತಿ ಇಳಿದು, ಆ ಹುಡುಗರ ಮುಂದೆ ನೋವು ತೋರಿಸಬಾರದು ಅಂತ ಹಲ್ಲು ಕಚ್ಚಿಕೊಂಡು ಓಡಾಡುತ್ತಿರುತ್ತೀಯ ಅಂತ ನನಗೆ ಚೆನ್ನಾಗಿ ಗೊತ್ತು. ಅಜ್ಜಿ ಹೆಣೆದುಕೊಟ್ಟ ಉಣ್ಣೆ ಕಾಲುಚೀಲ ಹಾಕಿಕೊಳ್ಳುತ್ತಿದ್ದೀಯಾ ಅಂತ ಅವಳು ಕೇಳುತ್ತಿದ್ದಾಳೆ. ಹಾಕಿಕೊಳ್ಳುತ್ತಿದ್ದಾನೆ ಅಂತ ನಾನೇ ಹೇಳಿಬಿಟ್ಟಿದ್ದೀನಿ, ನೀನು ಆಮೇಲೆ ಬೇರೆ ಏನಾದರೂ ಹೇಳಬೇಡ. ಬಟಾಣಿ ಸೂಪಿಗೆ ಸಕ್ಕರೆ ಹಾಕುತ್ತಿದ್ದ ಆ ಹೊಸ ಅಡುಗೆಯವನು ಸುಧಾರಿಸಿದನಾ? ಇಲ್ಲಿ ಎಲ್ಲರೂ ಕ್ಷೇಮ. ಅಮ್ಮನ ಸ್ಕೂಲ್ ಬಸ್ಸು ಮಂಗಳವಾರ ಕೆಸರಲ್ಲಿ ಹೂತುಕೊಂಡಿತ್ತು, ಮಕ್ಕಳಿಗೆಲ್ಲ ಹಬ್ಬವೋ ಹಬ್ಬ. ಅಜ್ಜಿಗೆ ಕೆಮ್ಮು ನಿಂತಿದೆ, ಬಾಯಿ ನಿಂತಿಲ್ಲ. ಹಬೆಸ್ನಾನದ ಸೌನಾ ಮನೆಗೆ ಹೋಗುವ ದಾರಿಯಲ್ಲಿ ಹಿಮ ಇನ್ನೂ ಮೊಣಕಾಲುದ್ದ ಇದೆ, ಆದರೆ ಅದರ ಕೆಳಗೆ ತೊರೆ ಹರಿಯುವ ಸದ್ದು ಕೇಳಿಸೋಕೆ ಶುರುವಾಗಿದೆ.

ಫೋನ್ ಇರುವಾಗ ಇವಳಿಗೆ ಕಾಗದ ಬರೆಯೋ ಹುಚ್ಚು ಯಾಕೆ ಅಂದುಕೊಳ್ಳುತ್ತೀಯ. ಫೋನಲ್ಲಿ ನಿನ್ನ ಹತ್ತಿರ ಹವಾಮಾನ ಬಿಟ್ಟು ಬೇರೆ ಏನು ಸಿಗುತ್ತೆ ಹೇಳು. 'ಕೆರೆ ಮೇಲೆ ಐಸ್ ಇನ್ನೂ ಗಟ್ಟಿ ಇದೆ. ಸೌದೆ ಒಣಗಿದ್ಯಾ? ಅಮ್ಮಂಗೆ ಕೊಡು.' ಮುಗಿಯಿತು. ಲೇಕ್ ಸುಪೀರಿಯರನ್ನ ಕೆರೆ ಅನ್ನುವವರು ನಿಮ್ಮ ಹಡಗಿನವರು ಮಾತ್ರ, ಅದಿರಲಿ. ಡಿಟ್ರಾಯಿಟ್ ನದಿಯಲ್ಲಿ ಅಂಚೆ ದೋಣಿಯವರು ಬಕೆಟ್ಟಿನಲ್ಲಿ ಇಟ್ಟು ಹಡಗಿನ ಮೇಲಕ್ಕೆ ಕಳಿಸುವ ಕಾಗದವನ್ನ ನೀನು ಮಧ್ಯದಲ್ಲಿ ಅಮ್ಮನಿಗೆ ಕೊಡೋಕಾಗಲ್ಲ. ಪೂರ್ತಿ ಓದಬೇಕು. ಅದಕ್ಕೇ ಬರೆಯುತ್ತಿದ್ದೀನಿ.

ವಿಷಯ ಹಾಸ್ಟೆಲಿನದು. ನಿನಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ ಅಂತ ಈಗ ಗೊತ್ತಾಗಿದೆ, ನಿನ್ನ ತಮ್ಮನ ಮಗಳು ಸಿಗ್ನೆ ಎಲ್ಲ ಹೇಳಿದ್ದಾಳಂತಲ್ಲ. ಆದರೂ ಹೆತ್ತ ಮಗಳ ಬಾಯಿಂದ ಒಂದು ಸಲ ಕೇಳು. ನಾವಿಬ್ಬರೂ ಸೇರುವ ಕಾಲೇಜಿನಲ್ಲಿ ಮೊದಲ ವರ್ಷದವರೆಲ್ಲ ಹಾಸ್ಟೆಲಿನಲ್ಲೇ ಇರಬೇಕು. ಎಂಜಿನಿಯರಿಂಗಿಗೆ ಸೇರುವವರು ಬೇಕಾದರೆ ಒಂದು ಬಳಗ ಆರಿಸಿಕೊಳ್ಳಬಹುದು. ಒಂದು ಬಳಗದವರಿಗೆಲ್ಲ ಒಂದೇ ಮಹಡಿ. ಅಲ್ಲೇ ಮಲಗೋದು, ಅಲ್ಲೇ ಓದೋದು, ಒಂದೆರಡು ತರಗತಿಗೂ ಅದೇ ಗುಂಪು, ಸಂಜೆ ಸೀನಿಯರುಗಳು ಬಂದು ಲೆಕ್ಕ ಹೇಳಿಕೊಡುತ್ತಾರೆ. ಚಳಿಗಾಲದಲ್ಲಿ ಹಿಮದ ಮೂರ್ತಿ ಕಡೆಯೋ ಪಂದ್ಯಕ್ಕೂ ಬಳಗಕ್ಕೆ ಬಳಗವೇ ಇಳಿಯುತ್ತೆ. ನಾಲ್ಕನೇ ಮಹಡಿ ಹೆಣ್ಣುಮಕ್ಕಳ ಬಳಗದ್ದು. ಎರಡನೇದು ಸ್ಕೀ, ಕಾಡು, ದೋಣಿ ಅಂತ ಓಡಾಡುವವರದು. ಕೆಳಗಿನದು ವರ್ಕ್‌ಶಾಪ್ ಬಳಗ, ಅವರಿಗೆ ನೆಲಮಾಳಿಗೆಯಲ್ಲಿ ಲೇತು, ವೆಲ್ಡಿಂಗು, ಮರಗೆಲಸ ಎಲ್ಲ ಇದೆ. ಗೊತ್ತಿರುವ ಹುಡುಗಿಯ ಜೊತೆಗೇ ಒಂದು ಕೋಣೆಯಲ್ಲಿರಬೇಕು ಅಂದರೆ ಇಬ್ಬರೂ ಒಂದೇ ಬಳಗ ಆರಿಸಬೇಕು, ಇಬ್ಬರೂ ಒಬ್ಬರ ಹೆಸರನ್ನೊಬ್ಬರು ಕೊಡಬೇಕು. ಸಿಗ್ನೆ ಹೆಣ್ಣುಮಕ್ಕಳ ಬಳಗ ಆರಿಸಿ ನನ್ನ ಹೆಸರು ಕೊಟ್ಟಿದ್ದಾಳೆ. ನಾನು ಒಪ್ಪಿಲ್ಲ, ಬೇಡ ಅಂತಲೂ ಹೇಳಿಲ್ಲ. ಬರೋ ಶುಕ್ರವಾರ ಕೊನೆಯ ದಿನ.

ಯಾಕೆ ಅಂತ ಕೇಳು. ಹೋದ ವಾರ ಸ್ಕೂಲ್ ಕ್ಯಾಂಟೀನಲ್ಲಿ ಊಟ ಮಾಡುತ್ತಾ, ನನ್ನ ತಟ್ಟೆಯ ಚಿಪ್ಸ್ ತಿನ್ನುತ್ತಾ, ಸಿಗ್ನೆ ಅಂದಳು, 'ದೊಡ್ಡಪ್ಪ ಹೇಳಿದ್ರು ಕಣೇ, ಹೆಣ್ಮಕ್ಕಳ ಬಳಗಾನೇ ತಗೋ, ನಿನಗೆ ಸುತ್ತ ಜನ ಇರ್ಬೇಕು ಅಂತ.' ನಾನು ಯಾವ ದೊಡ್ಡಪ್ಪ ಅಂತ ಕೇಳಿದೆ. ಅವಳಿಗೆ ಇರೋದು ಒಬ್ಬನೇ ದೊಡ್ಡಪ್ಪ, ಅದು ನೀನು. 'ಯಾವಾಗ ಹೇಳಿದ್ರು?' 'ಬುಧವಾರ. ದುಲುತ್ ಬಂದರಿನ ಹತ್ರ ಬಂದಾಗ ಫೋನ್ ಮಾಡಿದ್ರಲ್ಲ.' ಬುಧವಾರ ನೀನು ಮನೆಗೂ ಫೋನ್ ಮಾಡಿದ್ದೆ ಅಪ್ಪಾ. ಬುಧವಾರ ನನಗೆ ಸಿಕ್ಕಿದ್ದು ಐಸು ಮತ್ತು ಸೌದೆ. ನಾನೇ ಬಾಯಿಬಿಟ್ಟು, 'ಅಪ್ಪಾ, ಯಾವ ಬಳಗ ತಗೊಳ್ಳಿ?' ಅಂದಿದ್ದಕ್ಕೆ, 'ಯಾವುದಾದ್ರೂ ತಗೋ, ನೀನು ಚೆನ್ನಾಗೇ ಮಾಡ್ತೀಯ' ಅಂದೆ. ಅವಳಿಗೆ ಅರ್ಧ ಗಂಟೆ, ನನಗೆ ಒಂದು ವಾಕ್ಯ. ನನ್ನ ಹೊಟ್ಟೆ ಹೇಗೆ ಉರಿಯಿತು ಅಂದರೆ ಉಳಿದ ಚಿಪ್ಸ್ ಕೂಡ ಅವಳ ಕಡೆ ತಳ್ಳಿ ಎದ್ದು ಬಂದೆ. ಅವಳು ಥ್ಯಾಂಕ್ಸ್ ಅಂದಳು.

ಇದು ಇವತ್ತಿನದಲ್ಲ. ಚಿಕ್ಕಪ್ಪ ಅಲಾಸ್ಕಾಗೆ ಹೋಗಿ ಅಲ್ಲೇ ಇನ್ನೊಂದು ಸಂಸಾರ ಹೂಡಿದ ಮೇಲೆ ಸಿಗ್ನೆ ಪ್ರತಿ ಶನಿವಾರ ನಮ್ಮ ಸೌನಾಗೆ ಬರುತ್ತಾಳೆ. ಬರಲಿ, ನಾನೇನು ಬೇಡ ಅಂದಿಲ್ಲ. ಆದರೆ ನಮ್ಮ ಮನೆಯ ನಿಯಮ ಒಂದಿದೆಯಲ್ಲ, ಮೊದಲ ಬಿಸಿ ಅತಿಥಿಗೆ, ಮನೆಯವರು ಕೊನೆಗೆ. ಒಲೆ ಮೇಲಿನ ಕಲ್ಲು ಚೆನ್ನಾಗಿ ಕಾದು, ಹಲಗೆ ಇನ್ನೂ ಒಣಗಿದ್ದು, ನೀರಿನ ತೊಟ್ಟಿ ತುಂಬಿರುವಾಗ ಸಿಗ್ನೆ ಹೋಗಿ ಮೇಲಿನ ಹಲಗೆ ಮೇಲೆ ರಾಣಿ ಥರ ಕೂರುತ್ತಾಳೆ. ಸೌದೆ ಒಡೆದವಳು ನಾನು, ತೊರೆಯಿಂದ ನೀರು ಹೊತ್ತವಳು ನಾನು, ಅಷ್ಟೇ ಯಾಕೆ, ಆ ಒಲೆಗೆ ನಿನ್ನ ಜೊತೆ ಕೂತು ವೆಲ್ಡಿಂಗ್ ಮಾಡಿದವಳೂ ನಾನೇ. ನನ್ನ ಸರದಿ ಬರುವಷ್ಟರಲ್ಲಿ ಕಲ್ಲು ಸುಸ್ತಾಗಿರುತ್ತೆ, ನೀರು ತಳ ಕಂಡಿರುತ್ತೆ, ಆಮೇಲೆ ನೆಲ ಗುಡಿಸೋದೂ ನಾನೇ. ಚಿಕ್ಕವಳಿದ್ದಾಗ ಒಂದು ಸಲ ಕೇಳಿದ್ದೆ, ಸಿಗ್ನೆ ಇನ್ನೂ ಎಷ್ಟು ವರ್ಷ ಅತಿಥಿ ಅಂತ. ನೀನು ನಕ್ಕು, 'ನಾವು ಮನೆಯೋರಲ್ವಾ' ಅಂದೆ. ಮನೆಯವಳಾದ ತಪ್ಪಿಗೆ ಸೌನಾದಲ್ಲೂ ಕೊನೆ, ಫೋನಲ್ಲೂ ಕೊನೆ. ಸುಮ್ಮನೆ ಹೇಳುತ್ತಿಲ್ಲ ಅಪ್ಪಾ, ನನಗೆ ನಿಜವಾಗಲೂ ಬೇಜಾರಾಗಿದೆ.

ಈ ವಾರ ಪೂರ್ತಿ ಕೆಟ್ಟ ಬುದ್ಧಿಯೇ ಓಡಿತು. ಸಿಗ್ನೆಯನ್ನ ಕಾರಲ್ಲಿ ಸ್ಕೂಲಿಗೆ ಕರೆದುಕೊಂಡು ಹೋಗೋದು ಬಿಟ್ಟೆ, ಬೆಳಿಗ್ಗೆ ಬೇಗ ಹೋಗಬೇಕು ಅಂತ ಸುಳ್ಳು ಹೇಳಿದೆ, ಬೇಗ ಹೋಗಿ ಬೀಗ ಹಾಕಿದ ಗೇಟಿನ ಮುಂದೆ ಚಳಿಯಲ್ಲಿ ಕೂತೆ. ಕಂಪ್ಯೂಟರ್ ಮುಂದೆ ಕೂತು ಹೆಣ್ಣುಮಕ್ಕಳ ಬಳಗ ಒತ್ತಿ, ಸಿಗ್ನೆ ಹೆಸರು ಹಾಕದೆ, 'ಜೊತೆಗೆ ಯಾರಾದರೂ ಪರವಾಗಿಲ್ಲ' ಅಂತ ಹಾಕಿದೆ. ಅವಳ ಮಹಡಿಯಲ್ಲೇ ಇರಬೇಕು, ಅವಳ ಕೋಣೆಯಲ್ಲಿ ಇರಬಾರದು. ಅಪ್ಪ ಒಳ್ಳೆಯದು ಅಂದ ಜಾಗ ಅವಳೊಬ್ಬಳಿಗೇ ಯಾಕೆ ಸಿಗಬೇಕು? ಕಳಿಸೋ ಗುಂಡಿ ಮೇಲೆ ಬೆರಳಿಟ್ಟು ಎಷ್ಟೋ ಹೊತ್ತು ಕೂತಿದ್ದೆ. ಅಷ್ಟರಲ್ಲಿ ಅಜ್ಜಿ ಬಂದು, 'ಐಲಾ, ಹಲ್ಲು ನೋವಾ? ಮುಖ ಹಂಗ್ಯಾಕೆ ಮಾಡ್ಕೊಂಡಿದ್ದೀಯ' ಅಂದಳು. ಕಳಿಸದೆ ಕಂಪ್ಯೂಟರ್ ಮುಚ್ಚಿಟ್ಟೆ. ನಿಜ ಹೇಳಬೇಕು ಅಂದರೆ ಆ ಮಹಡಿಯಲ್ಲಿ ನನಗೆ ಬೇಕಾದ್ದು ಏನೂ ಇಲ್ಲ. ಕಾಲೇಜು ನೋಡೋಕೆ ಹೋದ ದಿನ ನನ್ನ ಕಾಲು ನೆಲಮಾಳಿಗೆಯಿಂದ ಮೇಲಕ್ಕೆ ಬರಲೇ ಇಲ್ಲ ಅಂತ ಅಮ್ಮ ನಿನಗೆ ಹೇಳಿರಬೇಕು.

ಇನ್ನು ನಿನ್ನೆಯ ವಿಷಯ. ಅಜ್ಜಿ ನಿಸು ಬ್ರೆಡ್ಡು ಮಾಡಿದ್ದಳು, ಈ ಸಲ ಏಲಕ್ಕಿ ಒಂದು ಹಿಡಿ ಜಾಸ್ತಿಯೇ ಬಿದ್ದಿತ್ತು, ಮನೆಯೆಲ್ಲ ಘಮಘಮ. ಸಿಗ್ನೆ ಎಂದಿನಂತೆ ಟವೆಲ್ ಹೆಗಲಿಗೆ ಹಾಕಿಕೊಂಡು ಬಂದಳು, ಎಂದಿನಂತೆ ಮೊದಲು ಹೋದಳು. ನನಗೆ ತಡೆಯಲಿಲ್ಲ. ಅವಳ ಸರದಿಯಲ್ಲೇ ನಾನೂ ನುಗ್ಗಿದೆ. ಅಜ್ಜಿ ಕಿಟಕಿಯಿಂದ ನೋಡಿ ಏನೋ ಕೂಗಿದಳು, ಕೇಳಿಸದವಳ ಹಾಗೆ ಬಾಗಿಲು ಹಾಕಿಕೊಂಡೆ. ಸಿಗ್ನೆಗೆ ಖುಷಿಯಾಯಿತು ನೋಡು, 'ಬಾ ಬಾ, ಒಬ್ಬಳಿಗೇ ಬೋರು' ಅಂತ ಜರುಗಿ ಜಾಗ ಕೊಟ್ಟಳು. ನಾನು ಮೇಲಿನ ಹಲಗೆ ಮೇಲೆ ಕೂತು ಸೌಟು ಕೈಗೆ ತೆಗೆದುಕೊಂಡೆ. ಒಂದು ಸೌಟು ನೀರು ಕಲ್ಲಿಗೆ ಹಾಕಿದೆ, ಹಬೆ ಎದ್ದಿತು. ಇನ್ನೊಂದು ಹಾಕಿದೆ. ಮತ್ತೊಂದು. ಅವಳೇ ಎದ್ದು ಹೋಗಲಿ, ಇವತ್ತಿನ ಮೊದಲ ಬಿಸಿ ನನ್ನದಾಗಲಿ ಅಂತ ನನ್ನ ಲೆಕ್ಕ. ಅವಳು ನನ್ನ ಮುಖ ನೋಡಿದಳು, ಅವಳಿಗೆ ಅರ್ಥವಾಯಿತು. ನನ್ನ ಕೈಯಿಂದ ಸೌಟು ಕಿತ್ತುಕೊಂಡು ತಾನೂ ಒಂದು ಹಾಕಿದಳು. ಸೌನಾದಲ್ಲಿ ಜಗಳ ಆಡಬಾರದು ಅನ್ನೋ ನಿನ್ನ ನಿಯಮ ಇಬ್ಬರೂ ಮುರಿಯಲಿಲ್ಲ ಅಪ್ಪಾ, ಒಂದು ಮಾತೂ ಆಡಲಿಲ್ಲ, ಸರದಿ ಪ್ರಕಾರ ನೀರು ಹಾಕಿದೆವು ಅಷ್ಟೇ. ಕಿವಿ ಸುಟ್ಟುಹೋಯಿತು, ಮೂಗಿನೊಳಗೆ ಬೆಂಕಿ, ಕಣ್ಣು ಬಿಡೋಕಾಗಲ್ಲ. ಇವಳು ಏಳಲ್ಲ, ನಾನು ಬಿಡಲ್ಲ. ಕೊನೆಗೆ ಇಬ್ಬರೂ ಒಂದೇ ಸಲ ಹಾರಿ ಬಾಗಿಲಿಗೆ ಓಡಿದೆವು, ಬಾಗಿಲಲ್ಲಿ ಭುಜಕ್ಕೆ ಭುಜ ಸಿಕ್ಕಿಕೊಂಡು, ಒದ್ದಾಡಿ, ಹೊರಗೆ ಹಿಮದಲ್ಲಿ ಬಿದ್ದೆವು. ಅಜ್ಜಿ ಕಿಟಕಿ ತೆಗೆದು, 'ಸೂಪಿಗೆ ಬೇಯಿಸಿದ ಬೀಟ್‌ರೂಟ್ ಹಂಗಿದ್ದೀರ, ಬಟ್ಟೆ ಹಾಕ್ಕೊಳ್ರೇ' ಅಂದಳು.

ಬಟ್ಟೆ ಹಾಕಿಕೊಳ್ಳೋ ಕೋಣೆಯ ಬೆಂಚಿನ ಮೇಲೆ ಕೂತು, ಹಲ್ಲು ಕಟಕಟ ಅನ್ನುತ್ತಿರುವಾಗ, ನಾನು ಕೇಳಿದೆ, ಅಪ್ಪ ನಿನ್ನ ಹತ್ರ ಅಷ್ಟು ಹೊತ್ತು ಏನು ಮಾತಾಡ್ತಾನೆ ಅಂತ. ಅವಳು ಕೂದಲು ಹಿಂಡುತ್ತಾ ಹೇಳಿದ್ದು ಹಾಗೇ ಬರೆಯುತ್ತೀನಿ. 'ದೊಡ್ಡಪ್ಪ ನನ್ನ ಹತ್ರ ಮಾತಾಡೋದು, ಮನೆಗೆ ಬಂದೋರನ್ನ ಕಾಫಿ ಬೇಕಾ ಟೀ ಬೇಕಾ ಅಂತ ಕೇಳ್ತಾರಲ್ಲ, ಹಂಗೆ. ಓದು ಹೇಗಿದೆ, ಅಮ್ಮ ಹೇಗಿದ್ದಾಳೆ, ಏನಾದ್ರೂ ಬೇಕಾ. ಒಂದು ಸಲ, ಒಂದೇ ಒಂದು ಸಲ ನನ್ನನ್ನ ಬೈದಿಲ್ಲ. ಆರನೇ ಕ್ಲಾಸಲ್ಲಿ ಐಸ್‌ಕ್ರೀಮ್ ಕಡ್ಡಿ ಸೇತುವೆ ಮಾಡಿದ್ನಲ್ಲ, ಮುಟ್ಟಿದ್ರೆ ಬಿದ್ದುಹೋಯ್ತಲ್ಲ, ಅದನ್ನ ನೋಡಿ ತುಂಬಾ ಚೆನ್ನಾಗಿದೆ ಸಿಗ್ನೆ ಅಂದ್ರು. ನಿನ್ನ ವೆಲ್ಡಿಂಗ್ ನೋಡಿ ಏನಂದ್ರು ಹೇಳು.' ನೀನು ಅಂದಿದ್ದು, 'ಇದು ವೆಲ್ಡಿಂಗಾ, ಹಂದಿ ಮೂತಿನಾ? ಕಿತ್ತಾಕಿ ಮತ್ತೆ ಮಾಡು.' ನಾನು ಹೇಳಿದೆ. ಸಿಗ್ನೆ, 'ನೋಡಿದ್ಯಾ' ಅಂದಳು. ಕಾಲುಚೀಲ ಎಳೆದುಕೊಳ್ಳುತ್ತಾ, 'ನಿಮ್ಮ ಮನೆಗೆ ಇಷ್ಟು ವರ್ಷದಿಂದ ಬರ್ತಿದ್ದೀನಿ, ಯಾರೂ ನನಗೆ ಪೊರಕೆ ಕೊಟ್ಟಿಲ್ಲ. ಎಲ್ಲರೂ ಎದ್ದು ನಿಂತು ನನ್ನನ್ನ ಮೊದಲು ಕಳಿಸ್ತೀರ. ನಾನು ಒಳಗೆ ಒಬ್ಬಳೇ ಕೂತಿರ್ತೀನಿ, ನೀವೆಲ್ಲ ಹೊರಗೆ ಅಡುಗೆಮನೇಲಿ ನಗೋದು ಕೇಳಿಸ್ತಾ ಇರುತ್ತೆ. ನಿನ್ನ ನೋಡಿದ್ರೆ ನನಗೆ ಎಷ್ಟು ಹೊಟ್ಟೆಕಿಚ್ಚು ಗೊತ್ತಾ?' ಅಂದಳು. ನಾನು ಇಷ್ಟು ದಿನ ಹೊಟ್ಟೆಕಿಚ್ಚು ನನ್ನೊಬ್ಬಳದೇ ಆಸ್ತಿ ಅಂದುಕೊಂಡಿದ್ದೆ.

ಇನ್ನೊಂದು ಮಾತೂ ಹೇಳಿದಳು. ಹೇಳಬೇಡ ಅಂತ ನೀನು ಅವಳಿಗೆ ಹೇಳಿದ್ದೆಯಂತೆ, ಅವಳ ಹೊಟ್ಟೆಯಲ್ಲಿ ಮಾತು ನಿಲ್ಲಲ್ಲ ಅಂತ ಗೊತ್ತಿದ್ದೂ ಹೇಳಿದೆಯಲ್ಲ, ಅನುಭವಿಸು. ಆ ಅರ್ಧ ಗಂಟೆಯಲ್ಲಿ ಅವಳ ವಿಷಯ ಬೇಗ ಮುಗಿದು, ಮಿಕ್ಕಿದ್ದೆಲ್ಲ ಆ ವರ್ಕ್‌ಶಾಪ್ ಬಳಗದ ವಿಚಾರಣೆಯಂತೆ. ಮೊದಲ ವರ್ಷದವರಿಗೆ ವೆಲ್ಡಿಂಗ್ ಮಾಡೋಕೆ ಬಿಡ್ತಾರಾ, ಲೇತು ಹಳೇದಾ ಹೊಸದಾ, ಹೆಣ್ಣುಮಕ್ಕಳು ಎಷ್ಟು ಜನ ಇದ್ದಾರೆ, ಹೊಗೆ ಹೋಗೋಕೆ ಫ್ಯಾನ್ ಇದೆಯಾ. 'ಬ್ರೆಡ್ ಸುಟ್ಟುಹಾಕೋಳು ನಾನು, ನನಗ್ಯಾಕೆ ಹೊಗೆ ಫ್ಯಾನು?' ಅಂದಳು ಸಿಗ್ನೆ. ನೀನು ಅವಳಿಗೆ ಹೇಳಿದ್ದೆಯಂತೆ, 'ಐಲಾಗೆ ನಾನು ಕೇಳಿದೆ ಅಂತ ಹೇಳಬೇಡ. ನಾನು ಇದು ತಗೋ ಅಂದ್ರೆ ಅವಳು ಬೇಕೂ ಅಂತ ಅದನ್ನ ಬಿಡ್ತಾಳೆ.' ಹಾಗಂದೆಯಾ ಅಪ್ಪಾ? ನಾನು ಹಾಗಾ? ಅಮ್ಮನನ್ನ ಕೇಳಿದೆ, ಅವಳು ಉತ್ತರ ಕೊಡದೆ ಪಾತ್ರೆ ತೊಳೆಯೋಕೆ ಹೋದಳು. ಅಜ್ಜಿಯನ್ನ ಕೇಳಲಿಲ್ಲ, ಅವಳು ಉತ್ತರ ಕೊಡುತ್ತಾಳೆ.

ಇಷ್ಟೆಲ್ಲ ಕೇಳಿದ ಮೇಲೂ ನನ್ನ ಸಿಟ್ಟು ಪೂರ್ತಿ ಇಳಿದಿಲ್ಲ, ಅದನ್ನೂ ಹೇಳಿಬಿಡುತ್ತೀನಿ. ನನ್ನ ಬಗ್ಗೆ ಅವಳ ಹತ್ತಿರ ಕೇಳೋ ಬದಲು ನನ್ನ ಹತ್ತಿರವೇ ಕೇಳಬಹುದಿತ್ತು. ನಿನ್ನ ಮನಸ್ಸಲ್ಲಿ ಏನಿದೆ ಅಂತ ಸಿಗ್ನೆ ಬಾಯಿಂದ ನನಗೆ ಗೊತ್ತಾಗಬೇಕಾ? ನೀನು ಹೇಳಿದ್ದನ್ನ ನಾನು ಬೇಕೂ ಅಂತ ಬಿಟ್ಟರೂ ಬಿಡಲಿ, ನೀನು ಹೇಳು. ಜಗಳ ಆಡೋಣ. 'ಚೆನ್ನಾಗೇ ಮಾಡ್ತೀಯ' ಅನ್ನೋದನ್ನ ಇವತ್ತಿಂದ ನಿಲ್ಲಿಸು, ಅದು ಅತಿಥಿಗಳಿಗೆ ಹೇಳೋ ಮಾತು. ಅದನ್ನ ಸಿಗ್ನೆಗೂ ಹೇಳಬೇಡ. ಮುಂದಿನ ಸಲ ಅವಳಿಗೆ ಫೋನ್ ಮಾಡಿದಾಗ ಒಂದು ಸಲ ಬೈದುಬಿಡು. ಯಾವುದಕ್ಕಾದರೂ ಸರಿ, ಅವಳು ಕಾರಣ ಕೊಡದೇ ಇರೋ ದಿನವೇ ಇಲ್ಲ. ಮುಂದಿನ ಶನಿವಾರದಿಂದ ಅವಳು ಕೊನೆಗೆ ಹೋಗಿ ನೆಲ ಗುಡಿಸುತ್ತಾಳೆ ಅಂತ ಒಪ್ಪಂದವಾಗಿದೆ. ಅಜ್ಜಿ ಮೊದಲು, 'ಬಂದೋರ ಕೈಲಿ ಗುಡಿಸೋದಾ' ಅಂತ ಎದೆ ಹಿಡಿದುಕೊಂಡಳು. ಆಮೇಲೆ ನಿನ್ನೆಯೇ ಸಿಗ್ನೆ ಕೈಗೆ ಪೊರಕೆ ಕೊಟ್ಟು, ಅವಳು ಗುಡಿಸಿದ್ದನ್ನ ನೋಡಿ, 'ಮೂಲೆ ಯಾರು ಗುಡಿಸ್ತಾರೆ, ನಿಮ್ಮಪ್ಪನಾ?' ಅಂದುಬಿಟ್ಟಳು. ಅಂದ ಮೇಲೆ ಗೊತ್ತಾಯಿತು ಏನಂದೆ ಅಂತ, ಬಾಯಿಗೆ ಕೈ ಇಟ್ಟುಕೊಂಡಳು. ಅಲಾಸ್ಕಾದವರ ಹೆಸರು ನಮ್ಮ ಮನೆಯಲ್ಲಿ ಯಾರೂ ಎತ್ತಲ್ಲವಲ್ಲ. ಸಿಗ್ನೆ ಬಗ್ಗಿ ಮೂಲೆ ಗುಡಿಸಿದಳು. ಊಟಕ್ಕೆ ಕೂತಾಗ ಅವಳ ಮುಖ ನೋಡಬೇಕಿತ್ತು, ಬಹುಮಾನ ಬಂದವಳ ಹಾಗಿದ್ದಳು.

ಅಮ್ಮ ನಿನ್ನನ್ನ ಕೇಳಿದಳು ಅಂತ ಬರೆಯೋಕೆ ಹೇಳಿದ್ದಾಳೆ, ಹಳೇ ಕೋಟಿನ ಗುಂಡಿ ಸಿಕ್ಕಿತಂತೆ. ಅಜ್ಜಿಯ ಆಶೀರ್ವಾದ, ಕಾಲುಚೀಲದ ನೆನಪು. ಏಣಿ ಇಳಿಯುವಾಗ ಎಡಗಾಲು ಮೊದಲು ಇಡು, ಡಾಕ್ಟರು ಹಾಗೇ ಹೇಳಿದ್ದು. ಆ ಎಂಜಿನ್ನನ್ನ ನನಗಿಂತ ಜಾಸ್ತಿ ಮುದ್ದು ಮಾಡಬೇಡ.

ಸರದಿಯಲ್ಲಿ ಕೊನೆಯವಳಾದ ನಿನ್ನ ಒಬ್ಬಳೇ ಮಗಳು,
ಐಲಾ

ತಾ.ಕ. ಸೋಮವಾರ ಬೆಳಿಗ್ಗೆ. ಅಮ್ಮ ಹೊರಗೆ ಬಸ್ಸಿನ ಹಾರ್ನ್ ಹೊಡೆಯುತ್ತಿದ್ದಾಳೆ, ಅವಳ ಕೈಯಲ್ಲೇ ಇದನ್ನ ಅಂಚೆಗೆ ಕಳಿಸಬೇಕು. ಈಗ ತಾನೇ ಕಳಿಸೋ ಗುಂಡಿ ಒತ್ತಿದೆ. ವರ್ಕ್‌ಶಾಪ್ ಬಳಗ, ಕೆಳಗಿನ ಮಹಡಿ, ಜೊತೆಗೆ ಯಾರು ಬರುತ್ತಾಳೋ ಬರಲಿ. ನೀನು ಹೇಳಿದೆ ಅಂತ ಅಲ್ಲ, ನೀನು ನನಗೆ ಹೇಳಲೇ ಇಲ್ಲವಲ್ಲ. ಸಿಗ್ನೆಗೆ ನಿನ್ನೆ ಸಂಜೆಯೇ ಎದುರಿಗೆ ಕೂತು ಹೇಳಿದ್ದೆ, ಅತ್ತಳು, ಆಮೇಲೆ ನನ್ನ ಬೂಟು ಕೇಳಿ ಇಸಕೊಂಡು ಹೋದಳು. ಅವಳದು ನಾಲ್ಕನೇ ಮಹಡಿ. ಹಾಸ್ಟೆಲಿಗೆ ಸೇರೋ ದಿನ ಆಗಸ್ಟ್ ಕೊನೆಯಲ್ಲಿ. ಎಲ್ಲರ ಅಪ್ಪಂದಿರೂ ಬಂದು ಪೆಟ್ಟಿಗೆ ಹೊರುತ್ತಾರೆ. ನಿನ್ನ ರಜೆ ಆವಾಗಲೇ ಬೇಕು ಅಂತ ಕ್ಯಾಪ್ಟನ್ ಹತ್ತಿರ ಇವತ್ತೇ ಹೇಳು, ನಿಮ್ಮ ಹಡಗು ಹೊರೋ ಅದಿರು ಒಂದು ತಿಂಗಳು ನೀನಿಲ್ಲದೆ ಹೋಗುತ್ತೆ. ಸಿಗ್ನೆಗೂ ಹೊರೋಕೆ ಯಾರೂ ಇಲ್ಲ, ಅವಳದನ್ನೂ ನೀನೇ ಹೊರಬೇಕು, ಅದು ನನಗೆ ಗೊತ್ತು. ಮೊದಲು ಮೇಲಿನ ಮಹಡಿಯ ಸಿಗ್ನೆಯದು ಮುಗಿಸಿಬಿಡೋಣ, ಐಲಾ ಮನೆಯವಳು, ಕಾಯ್ತಾಳೆ ಅಂತ ನಿನಗೆ ಅನ್ನಿಸುತ್ತೆ. ಅವತ್ತು ಒಂದು ದಿನ ಕಾಯಲ್ಲ ಅಪ್ಪಾ. ಮೊದಲು ನನ್ನ ಪೆಟ್ಟಿಗೆ.